ಸಿಸಿಎನ್‌ಎ, ಎಝಡ್-900, ಸಿಇಎಚ್: ವಿದ್ಯಾರ್ಥಿ ರಿಯಾಯಿತಿಗೆ ಯಾವುದು ವಾಸಿ?

ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಒಂದೇ ಪರೀಕ್ಷೆಗೆ ಆಗುವಷ್ಟು ದುಡ್ಡಿಟ್ಟುಕೊಂಡ ಎಂಜಿನಿಯರಿಂಗ್ ವಿದ್ಯಾರ್ಥಿ ಕೇಳಿದರೆ ನಾನು ಹೇಳುವುದು ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ ಸಿಸಿಎನ್‌ಎ, ಅದೂ ಕಾಲೇಜುಗಳ ಮೂಲಕ ಕಲಿಸುವ ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯ ದಾರಿಯಲ್ಲಿ. ಎರಡನೆಯ ಸ್ಥಾನ ಮೈಕ್ರೋಸಾಫ್ಟ್‌ನ ಕ್ಲೌಡ್ ಬಗೆಗಿನ ಆರಂಭದ ಹಂತದ ಪರೀಕ್ಷೆ ಎಝಡ್-900ಗೆ. ಇವೆರಡನ್ನೂ ಬರೆದು ಪಾಸಾಗಿದ್ದೇನೆ. ಎಥಿಕಲ್ ಹ್ಯಾಕಿಂಗ್ ಪರೀಕ್ಷೆ ಸಿಇಎಚ್‌ನ ಬಾಗಿಲವರೆಗೆ ಹೋಗಿ, ಫೀಸಿನ ಪಟ್ಟಿ ನೋಡಿ ವಾಪಸ್ ಬಂದಿದ್ದೇನೆ.

ಸಿಲಬಸ್ಸು, ಎಷ್ಟು ಪ್ರಶ್ನೆ, ಎಷ್ಟು ನಿಮಿಷ ಎಲ್ಲ ಆಯಾ ಕಂಪನಿಯ ಪುಟದಲ್ಲೇ ಇರುತ್ತದೆ, ಇಲ್ಲಿ ಒದರುವುದಿಲ್ಲ. ನನಗೆ ಬೇಕಿದ್ದದ್ದು ಎರಡೇ ಉತ್ತರ: ವಿದ್ಯಾರ್ಥಿ ಅಂತ ತೋರಿಸಿದರೆ ಫೀಸು ಎಷ್ಟು ಇಳಿಯುತ್ತದೆ, ಪರೀಕ್ಷೆಗೆ ಮುಂಚೆ ಅವರದೇ ಟ್ರೈನಿಂಗ್ ತಗೊಳ್ಳಲೇಬೇಕಾ. ಇದರಲ್ಲಿ ಎರಡನೆಯದೇ ದೊಡ್ಡ ಪ್ರಶ್ನೆ. ಫೀಸಿನಲ್ಲಿ ಅರ್ಧ ಬಿಟ್ಟು, ಅದರ ಹತ್ತು ಪಟ್ಟು ದುಡ್ಡಿನ ಕೋರ್ಸು ಕಡ್ಡಾಯ ಮಾಡಿದರೆ ಆ ರಿಯಾಯಿತಿಯಿಂದ ಬಂದ ಭಾಗ್ಯವೇನು? ಸಾಫ್ಟ್‌ವೇರ್ ಕಂಪನಿ ವಿಎಂವೇರ್‌ನ ವಿಸಿಪಿ ಅನ್ನುವ ಸರ್ಟಿಫಿಕೇಟ್ ವರ್ಷಗಟ್ಟಲೆ ಹೀಗೇ ಇತ್ತು. ಪರೀಕ್ಷೆಗೆ 250 ಡಾಲರ್, ಆದರೆ ಅಧಿಕೃತ ಕೋರ್ಸಿನಲ್ಲಿ ಕೂರದೆ ಪರೀಕ್ಷೆ ಪಾಸಾದರೂ ಸರ್ಟಿಫಿಕೇಟ್ ಕೈಗೆ ಬರುತ್ತಿರಲಿಲ್ಲ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಆ ಕಂಪನಿಯನ್ನು ಕೊಂಡುಕೊಂಡಿತು, 2024ರಲ್ಲಿ ಆ ನಿಯಮ ಹೋಯಿತು. ನಮ್ಮ ಸೀನಿಯರ್‌ಗಳು ಮಾತ್ರ ಇವತ್ತಿಗೂ ‘ವಿಸಿಪಿಗೆ ಕೋರ್ಸ್ ಬೇಕಪ್ಪಾ’ ಅಂತಲೇ ಜೂನಿಯರ್‌ಗಳನ್ನು ಹೆದರಿಸುತ್ತಾರೆ.

ಸಿಸಿಎನ್‌ಎ ಫೀಸು 300 ಡಾಲರ್, ಮೇಲೆ ಜಿಎಸ್‌ಟಿ. ಭಾರತ ಅಂತ ಕಡಿಮೆ ಇಲ್ಲ, ಡಾಲರ್ ಏರಿದ ಹಾಗೆ ನಮ್ಮ ಫೀಸೂ ಏರುತ್ತದೆ. ಪೂರ್ತಿ ದುಡ್ಡು ಕೊಡುವವರಿಗೆ ಯಾವ ಷರತ್ತೂ ಇಲ್ಲ, ಇವತ್ತೇ ಬುಕ್ ಮಾಡಿ ನಾಳಿದ್ದು ಬರೆಯಬಹುದು. ಪರೀಕ್ಷೆಗೆ ತರಬೇತಿ ಕಡ್ಡಾಯವಿಲ್ಲ, ರಿಯಾಯಿತಿಗೆ ಮಾತ್ರ ಕಡ್ಡಾಯ. ಅಕಾಡೆಮಿಯಾಗಿ ನೋಂದಾಯಿಸಿದ ಕಾಲೇಜಿನಲ್ಲಿ ಬೋಧಕರೊಬ್ಬರು ನಡೆಸುವ ತರಗತಿಯಲ್ಲಿ ಮೂರು ಕೋರ್ಸು ಮುಗಿಸಬೇಕು. ಕೊನೆಯ ಕೋರ್ಸಿನ ಫೈನಲ್ ಪರೀಕ್ಷೆಯಲ್ಲಿ ಮೊದಲ ಪ್ರಯತ್ನಕ್ಕೇ ಅವರು ಹೇಳಿದಷ್ಟು ಅಂಕ ಬರಬೇಕು. ಆಗ ವೋಚರ್, ಅಂದರೆ ಬುಕ್ ಮಾಡುವಾಗ ಹಾಕುವ ರಿಯಾಯಿತಿ ಕೋಡ್, ಕೇಳುವ ಹಕ್ಕು ಬರುತ್ತದೆ, ಫೀಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಓದಲು ಇದು ಸುತ್ತಿ ಬಳಸಿದ ದಾರಿ ಅನ್ನಿಸಬಹುದು. ಆದರೆ ಆ ಮೂರು ಕೋರ್ಸುಗಳೇ ಪರೀಕ್ಷೆಯ ತಯಾರಿ. ನಮ್ಮ ಕಾಲೇಜಿನಲ್ಲಿ ಅದಕ್ಕೆ ಬೇರೆ ಶುಲ್ಕ ಇರಲಿಲ್ಲ, ಸಂಜೆ ಲ್ಯಾಬ್ ಖಾಲಿ ಇದ್ದಾಗ ಮೇಷ್ಟ್ರು ತರಗತಿ ತಗೊಳ್ಳುತ್ತಿದ್ದರು. ಪ್ಯಾಕೆಟ್ ಟ್ರೇಸರ್ ಅನ್ನುವ ಸಿಮ್ಯುಲೇಟರ್ ಉಚಿತ. ಅದರಲ್ಲಿ ಸ್ವಿಚ್ಚಿಗೆ ಕೇಬಲ್ ಎಳೆದ ತಕ್ಷಣ ತುದಿಯಲ್ಲಿ ಕಿತ್ತಳೆ ಬಣ್ಣದ ಚುಕ್ಕಿ ಕಾಣುತ್ತದೆ, ಸುಮಾರು ಅರ್ಧ ನಿಮಿಷ ಹಾಗೇ ಇದ್ದು ಹಸಿರಾಗುತ್ತದೆ. ಹೊಸಬರು ‘ಕನೆಕ್ಷನ್ ತಪ್ಪಾಯ್ತು’ ಅಂತ ಅಷ್ಟರಲ್ಲೇ ಕೇಬಲ್ ಅಳಿಸಿ ಮತ್ತೆ ಎಳೆಯುತ್ತಾರೆ, ಚುಕ್ಕಿ ಮತ್ತೆ ಕಿತ್ತಳೆ. ಡೇಟಾ ಸ್ವಿಚ್ಚುಗಳ ನಡುವೆ ಸುತ್ತುತ್ತಲೇ ಇರದ ಹಾಗೆ ನೋಡಿಕೊಳ್ಳುವ ಸ್ಪ್ಯಾನಿಂಗ್ ಟ್ರೀ ತನ್ನ ಕೆಲಸ ಮಾಡುತ್ತಿದೆ, ಸುಮ್ಮನೆ ಕಾಯಬೇಕು ಅಂತ ಮೇಷ್ಟ್ರು ಹೇಳಿದ್ದು ಪುಸ್ತಕದಲ್ಲಿ ಓದಿದ್ದಕ್ಕಿಂತ ಗಟ್ಟಿಯಾಗಿ ತಲೆಯಲ್ಲಿ ಕೂತಿದೆ. ರೂಟರ್ ಕಡೆ ಚುಕ್ಕಿ ಕೆಂಪಗೇ ಇದ್ದರೆ ಪೋರ್ಟನ್ನು ಚಾಲೂ ಮಾಡುವ ‘ನೋ ಶಟ್‌ಡೌನ್’ ಕಮಾಂಡ್ ಕೊಡುವುದು ಮರೆತಿದ್ದೀರಿ ಅಂತ ಅರ್ಥ. ನಮ್ಮ ಬ್ಯಾಚಿನ ಅರ್ಧ ಸಮಸ್ಯೆಗಳಿಗೆ ಅದೊಂದೇ ಔಷಧಿ.

ಇನ್ನೊಂದು ಮಾತು. ಫೈನಲ್ ಪರೀಕ್ಷೆಯ ಉತ್ತರಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಟಿಕ್ ಹಾಕಿ ವೋಚರ್ ತಗೊಂಡವರು ನಮ್ಮಲ್ಲೂ ಇದ್ದರು. ಅಸಲಿ ಪರೀಕ್ಷೆಯಲ್ಲಿ ಹಿಂದಿನ ಪ್ರಶ್ನೆಗೆ ವಾಪಸ್ ಹೋಗಲು ಆಗುವುದಿಲ್ಲ, ನಡುವೆ ಕಮಾಂಡ್ ಟೈಪ್ ಮಾಡಬೇಕಾದ ಲ್ಯಾಬ್ ಬರುತ್ತದೆ. ಅರ್ಧ ಬೆಲೆಗೆ ಫೇಲಾಗುವುದೂ ದುಬಾರಿಯೇ.

ಈಗ ಎಝಡ್-900. ಪರೀಕ್ಷೆ ಸುಲಭ, ಟ್ರೈನಿಂಗ್ ಕಡ್ಡಾಯವಿಲ್ಲ, ಓದುವ ಸಾಮಗ್ರಿಯೂ ಅಭ್ಯಾಸದ ಪ್ರಶ್ನೆಗಳೂ ಮೈಕ್ರೋಸಾಫ್ಟ್ ಲರ್ನ್‌ನಲ್ಲಿ ಉಚಿತ. ಅಮೆರಿಕದಲ್ಲಿ 99 ಡಾಲರ್, ಭಾರತದ ದರ ಅದಕ್ಕಿಂತ ಕಡಿಮೆ, ವಿದ್ಯಾರ್ಥಿ ದರ ಇನ್ನೂ ಕಡಿಮೆ. ಇಷ್ಟೆಲ್ಲ ಇದ್ದೂ ಎರಡನೆಯ ಸ್ಥಾನ ಯಾಕೆ ಅಂದರೆ, ನಾನು ವಿದ್ಯಾರ್ಥಿ ಅಂತ ಸಾಬೀತು ಮಾಡುವಷ್ಟರಲ್ಲಿ ವಿದ್ಯಾರ್ಥಿ ಜೀವನವೇ ಮುಗಿಯುವ ಹಾಗಿತ್ತು. ತಪ್ಪು ಪೂರ್ತಿ ನಮ್ಮ ಕಾಲೇಜಿನದು.

ನಿಯಮ ಸರಳ: ಕಾಲೇಜಿನ ಇಮೇಲ್ ಕೊಡಿ, ಅದಕ್ಕೆ ಬಂದ ಮೇಲ್‌ನಿಂದ ದೃಢೀಕರಿಸಿ. ಅದಿಲ್ಲದಿದ್ದರೆ ಅಂತಾರಾಷ್ಟ್ರೀಯ ವಿದ್ಯಾರ್ಥಿ ಗುರುತಿನ ಚೀಟಿಯೋ ಕಾಲೇಜಿನ ದಾಖಲೆಯೋ ತೋರಿಸಬೇಕು. ನಮಗೆ ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ) ಹೆಸರಿನ ಮೇಲ್ ಐಡಿ ಮೊದಲ ಸೆಮಿಸ್ಟರಿನಲ್ಲೇ ಕೊಟ್ಟಿದ್ದರು. ಕೊಟ್ಟೆ. ಮೇಲ್ ಬರಲಿಲ್ಲ. ಸ್ಪ್ಯಾಮ್ ನೋಡಿದೆ, ಇಲ್ಲ. ಮತ್ತೆ ಕಳಿಸಿದೆ, ಇಲ್ಲ. ನನ್ನ ಜಿಮೇಲ್‌ನಿಂದ ಅದೇ ಐಡಿಗೆ ‘ಹಲೋ’ ಅಂತ ಕಳಿಸಿದಾಗ ಅದೂ ತಿರುಗಿ ಬಂತು. ಆಗ ಗೊತ್ತಾಯಿತು, ವಿದ್ಯಾರ್ಥಿಗಳ ಖಾತೆಗೆ ಹೊರಗಿನ ಯಾವ ಮೇಲೂ ಬರದ ಹಾಗೆ ಕಾಲೇಜು ಬೀಗ ಹಾಕಿಟ್ಟಿದೆ! ಆ ಐಡಿಗೆ ಅಷ್ಟು ವರ್ಷ ಬಂದದ್ದೆಲ್ಲ ಕಾಲೇಜಿನದೇ ಫೀಸ್ ನೋಟಿಸು.

ಸಿಸ್ಟಮ್ ಅಡ್ಮಿನ್ ಹತ್ತಿರ ಹೋದರೆ ಎಚ್‌ಓಡಿ ಲೆಟರ್ ಬೇಕು ಅಂದರು. ಎಚ್‌ಓಡಿ, ‘ಇದು ಪ್ರಿನ್ಸಿಪಾಲರ ಮಟ್ಟದ್ದು’ ಅಂದರು. ಪ್ರಿನ್ಸಿಪಾಲರು ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುತ್ತದೆ ಅಂತ ಓಡಾಡುತ್ತಿದ್ದರು. ಸರಿ, ಮೇಲ್ ದಾರಿ ಬಿಟ್ಟು ದಾಖಲೆಯ ದಾರಿ ಹಿಡಿದೆ. ಅಲ್ಲಿ ಎದುರಾದದ್ದು ಇನಿಷಿಯಲ್.

ಇದು ನಮ್ಮ ಕಡೆಯ ಎಲ್ಲರಿಗೂ ಬರುವ ತೊಂದರೆ, ಗಮನವಿಟ್ಟು ಓದಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಕಾಲೇಜು ಐಡಿಯಲ್ಲೂ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್‌ಗೆ ಅವಕಾಶವಿಲ್ಲದ್ದರಿಂದ ಅಲ್ಲಿ ಎರಡೂ ಬಿಡಿಸಿಕೊಂಡು ಉದ್ದಕ್ಕೆ ಕೂತಿವೆ. ಸರ್ಟಿಫಿಕೇಶನ್ ಪ್ರೊಫೈಲ್ ಕೇಳುವುದು ಮೊದಲ ಹೆಸರು, ಕೊನೆಯ ಹೆಸರು. ಪರೀಕ್ಷೆಯ ದಿನ ಸರ್ಕಾರಿ ಗುರುತಿನ ಚೀಟಿಯಲ್ಲಿರುವ ಹೆಸರೇ ಬುಕಿಂಗಿನಲ್ಲೂ ಇರಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ, ಫೀಸೂ ಹೋಗುತ್ತದೆ. ಅಂದರೆ ರಿಯಾಯಿತಿಗೆ ಕಾಲೇಜಿನ ದಾಖಲೆಯಲ್ಲಿರುವ ನನ್ನ ಹೆಸರು, ಪರೀಕ್ಷೆಗೆ ಪ್ಯಾನ್‌ನಲ್ಲಿರುವ ಹೆಸರು, ಪ್ರೊಫೈಲ್ ಮಾತ್ರ ಒಂದೇ.

ಉಳಿದ ದಾರಿ ಒಂದೇ, ಪ್ಯಾನ್‌ನಲ್ಲಿರುವ ಪೂರ್ತಿ ಹೆಸರು ಹಾಕಿಸಿ ಕಾಲೇಜಿನಿಂದ ಬೋನಫೈಡ್ ಸರ್ಟಿಫಿಕೇಟ್ ಮಾಡಿಸುವುದು. ಆಫೀಸಿನ ಕಂಪ್ಯೂಟರಿನಲ್ಲಿ ಬೋನಫೈಡ್‌ನ ನಮೂನೆ ಎರಡೇ ಇದ್ದವು: ಒಂದು ಬಸ್ ಪಾಸಿಗೆ, ಇನ್ನೊಂದು ಬ್ಯಾಂಕ್ ಸಾಲಕ್ಕೆ. ಕ್ಲರ್ಕ್ ಮೇಡಂ ‘ಪರೀಕ್ಷೆ ರಿಯಾಯಿತಿ ಅಂತ ನಮೂನೆ ಇಲ್ಲವಲ್ಲಪ್ಪ’ ಅಂದರು. ಸ್ಕ್ರೀನ್ ನೋಡುತ್ತಾ ನಾನೇ ವಾಕ್ಯ ಹೇಳಿದೆ, ಅವರು ಬಸ್ ಪಾಸಿನ ಸಾಲು ಅಳಿಸಿ ಅದನ್ನು ಟೈಪ್ ಮಾಡಿದರು, ‘ಇನಿಷಿಯಲ್ಸ್ ಎಕ್ಸ್‌ಪ್ಯಾಂಡೆಡ್ ಆ್ಯಸ್’ ಅಂತ ಒಂದು ಸಾಲು ಸೇರಿಸಿದರು, ಸೀಲು ಬಿತ್ತು. ಅಪ್‌ಲೋಡ್ ಮಾಡಿದ ಮೇಲೆ ವಿದ್ಯಾರ್ಥಿ ದರ ಕಾಣಿಸಿತು.

ಇದರ ಜೊತೆಗೇ ಒಂದು ಎಚ್ಚರಿಕೆ: ಸರ್ಟಿಫಿಕೇಶನ್ ಪ್ರೊಫೈಲನ್ನು ಸ್ವಂತ ಮೇಲ್‌ನಲ್ಲೇ ತೆರೆಯಿರಿ. ಕಾಲೇಜಿನ ಖಾತೆ ದೃಢೀಕರಣಕ್ಕೆ ಮಾತ್ರ ಇರಲಿ. ಕಾಲೇಜು ಬಿಟ್ಟ ಮೇಲೆ ಆ ಖಾತೆ ಮುಚ್ಚಿದರೆ ಸರ್ಟಿಫಿಕೇಟ್ ಇರುವ ಪ್ರೊಫೈಲಿಗೆ ಲಾಗಿನ್ ಆಗಲು ಬಾಗಿಲೇ ಇರುವುದಿಲ್ಲ.

ಅವಧಿಯ ವಿಷಯ ಬೇಗ ಮುಗಿಸುತ್ತೇನೆ. ಸಿಸಿಎನ್‌ಎ ಮೂರು ವರ್ಷ ನಡೆಯುತ್ತದೆ. ಎಝಡ್-900ಕ್ಕೆ ಅವಧಿಯೇ ಇಲ್ಲ. ಅದರ ಮುಂದಿನ ಹಂತದ ಪರೀಕ್ಷೆ ಎಝಡ್-104 ಒಂದೇ ವರ್ಷ, ಆದರೆ ನವೀಕರಣ ಆನ್‌ಲೈನಿನಲ್ಲಿ ಉಚಿತ.

ಅಮೆಜಾನಿನ ಕ್ಲೌಡ್ ಸೇವೆ ಎಡಬ್ಲ್ಯೂಎಸ್‌ನಲ್ಲಿ ಒಂದು ಪರೀಕ್ಷೆ ಪಾಸಾದರೆ ಮುಂದಿನದಕ್ಕೆ ಅರ್ಧ ಬೆಲೆ, ವಿದ್ಯಾರ್ಥಿಯಾಗಿರಲೇಬೇಕೆಂದಿಲ್ಲ. ಒಳ್ಳೆಯದೇ, ಆದರೆ ಮೊದಲನೆಯದಕ್ಕೆ ದುಡ್ಡು ಬೇಕಲ್ಲ.

ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಪರೀಕ್ಷೆ ಆರ್‌ಎಚ್‌ಸಿಎಸ್‌ಎ ನಾನು ಬರೆದಿಲ್ಲ, ಪಿಜಿಯ ರೂಮ್‌ಮೇಟ್ ಬರೆದ. ಅದಕ್ಕೂ ಟ್ರೈನಿಂಗ್ ಕಡ್ಡಾಯವಿಲ್ಲ, ಟಿಕ್ ಹಾಕುವ ಪ್ರಶ್ನೆಯೂ ಇಲ್ಲ. ಲಿನಕ್ಸ್ ಮುಂದೆ ಕೂತು ಕೆಲಸ ಮಾಡಿ ತೋರಿಸಬೇಕು, 300ಕ್ಕೆ 210 ಬಂದರೆ ಪಾಸ್. ಕಲಿಕೆಯ ಮಟ್ಟಿಗೆ ಇದೇ ಎಲ್ಲಕ್ಕಿಂತ ಮೇಲು ಅಂತ ಅವನ ವಾದ, ನನಗೂ ತಕರಾರಿಲ್ಲ. ಫೀಸು ಕೇಳಿದ ಮೇಲೆ ಮಾತ್ರ ನಾನು ಸುಮ್ಮನಾದೆ. ಮನೆಯಿಂದ ಬರೆಯುವುದಾದರೆ ಯುಎಸ್‌ಬಿಯಿಂದ ಲ್ಯಾಪ್‌ಟಾಪ್ ಬೂಟ್ ಮಾಡಬೇಕು, ಬೇರೆ ವೆಬ್‌ಕ್ಯಾಮ್ ಬೇಕು. ಆ ವೆಬ್‌ಕ್ಯಾಮಿಗೆ ಅವನು ನಮ್ಮ ಇಡೀ ಪಿಜಿ ತಡಕಾಡಿದ್ದ.

ಇನ್ನು ಸಿಇಎಚ್. ಎಥಿಕಲ್ ಹ್ಯಾಕಿಂಗ್ ಅನ್ನುವ ಹೆಸರೇ ಸಾಕು, ಫೈನಲ್ ಇಯರ್‌ನ ಅರ್ಧ ತರಗತಿ ಅದರ ಹಿಂದೆ. ನಿಯಮ ಏನೆಂದರೆ, ಅದನ್ನು ನಡೆಸುವ ಇಸಿ-ಕೌನ್ಸಿಲ್‌ನ ಅಧಿಕೃತ ತರಬೇತಿ ಪಡೆದಿರಬೇಕು. ಇಲ್ಲವೇ ಮಾಹಿತಿ ಸುರಕ್ಷತೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದಕ್ಕೆ ದಾಖಲೆ ಕೊಟ್ಟು, 100 ಡಾಲರ್ ಅರ್ಜಿ ಶುಲ್ಕ ಕಟ್ಟಬೇಕು, ಅದು ವಾಪಸ್ ಬರುವುದಿಲ್ಲ. ಎರಡು ವರ್ಷದ ಅನುಭವ ವಿದ್ಯಾರ್ಥಿಗೆ ಎಲ್ಲಿಂದ ಬರಬೇಕು? ಹಾಗಾಗಿ ನಮಗಿರುವುದು ಕೋರ್ಸ್ ಕೊಳ್ಳುವ ದಾರಿ ಒಂದೇ.

ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟ್‌ಗೆ ಹೋಗಿದ್ದೆ, ಹೆಸರು ಬೇಡ. ಕೌನ್ಸೆಲರ್ ಮೊದಲು ಒಂದು ದೊಡ್ಡ ಮೊತ್ತ ಬರೆದು, ಅದರ ಮೇಲೆ ಗೆರೆ ಹೊಡೆದು, ‘ಸ್ಟೂಡೆಂಟ್ ಪ್ರೈಸ್’ ಅಂತ ಇನ್ನೊಂದು ಬರೆದರು. ಇದರಲ್ಲಿ ಪರೀಕ್ಷೆಯ ವೋಚರ್ ಸೇರಿದೆಯಾ ಅಂದೆ. ಸೇರಿದೆ ಅಂದರು. ಅಧಿಕೃತ ತರಬೇತಿ ಅಂತ ಪರಿಗಣನೆ ಆಗುತ್ತಾ ಅಂದೆ. ‘ಸಿಇಎಚ್ ಸಿಲಬಸ್ಸೇ ಸರ್’ ಅಂದರು. ಅದು ಉತ್ತರವೇ ಅಲ್ಲ. ಎರಡನ್ನೂ ರಸೀದಿಯಲ್ಲಿ ಬರೆದುಕೊಡಿ ಅಂದಾಗ ಮ್ಯಾನೇಜರನ್ನು ಕರೆದರು. ಅವರ ಪ್ರಕಾರ ವೋಚರ್ ‘ಆಪ್ಷನಲ್’, ಸಿಗುವುದು ಇನ್‌ಸ್ಟಿಟ್ಯೂಟ್‌ನದೇ ಕಂಪ್ಲೀಷನ್ ಸರ್ಟಿಫಿಕೇಟ್. ಟೀ ಕುಡಿದು ಎದ್ದು ಬಂದೆ. ಇಂಥ ಕಡೆ ಸೀಟು ಕಾದಿರಿಸಲು ಅಡ್ವಾನ್ಸ್ ಕೇಳುತ್ತಾರೆ, ಯುಪಿಐ ಕ್ಯೂಆರ್ ಮೇಜಿನ ಮೇಲೆ ತಯಾರಾಗಿರುತ್ತದೆ. ಕಾಗದದಲ್ಲಿ ಬರೆಸಿಕೊಳ್ಳದೆ ಸ್ಕ್ಯಾನ್ ಮಾಡಬೇಡಿ.

ಸೆಕ್ಯುರಿಟಿಯೇ ಬೇಕು ಅನ್ನುವವರು ಕಾಂಪ್‌ಟಿಯಾ ಸಂಸ್ಥೆಯ ಸೆಕ್ಯುರಿಟಿ ಪ್ಲಸ್ ಪರೀಕ್ಷೆ ನೋಡಬಹುದು. ಅನುಭವ ಇದ್ದರೆ ಒಳ್ಳೆಯದು ಅಂತ ಹೇಳುತ್ತಾರೆಯೇ ಹೊರತು ಕಡ್ಡಾಯ ಮಾಡುವುದಿಲ್ಲ. ಅಲ್ಲಿ ಒಂದು ಆಸೆ ಎಲ್ಲರಿಗೂ ಹುಟ್ಟುತ್ತದೆ: ಅಮೆರಿಕದಲ್ಲಿ ಎಂಎಸ್ ಮಾಡುತ್ತಿರುವ ಅಕ್ಕನೋ ಅಣ್ಣನೋ ಇದ್ದರೆ ಅವರ ಕಾಲೇಜು ಮೇಲ್‌ನಿಂದ ಅಲ್ಲಿನ ವಿದ್ಯಾರ್ಥಿ ವೋಚರ್ ತರಿಸೋಣ ಅಂತ. ನಡೆಯುವುದಿಲ್ಲ. ವೋಚರ್ ಯಾವ ದೇಶಕ್ಕೆ ಕೊಂಡಿದ್ದೋ ಆ ದೇಶಕ್ಕೇ, ಅಮೆರಿಕದ್ದು ಇಲ್ಲಿ ಚಲಾವಣೆ ಆಗುವುದಿಲ್ಲ. ನನ್ನ ಕಸಿನ್ ಕೊಳ್ಳಲು ಹೊರಟಿದ್ದಳು, ಷರತ್ತು ಓದಿ ನಿಲ್ಲಿಸಿದೆವು.

ಹಾಗಾದರೆ ಯಾವುದು? ನನ್ನ ಆಯ್ಕೆಗೆ ನನ್ನ ಅಭ್ಯಾಸಗಳೂ ಕಾರಣ. ಕೈಯಲ್ಲಿ ಬರೆಯದೆ ನನಗೆ ಸಿಸಿಎನ್‌ಎಯ ಸಬ್‌ನೆಟ್ ಲೆಕ್ಕ (ನೆಟ್‌ವರ್ಕನ್ನು ಭಾಗ ಮಾಡುವ ಲೆಕ್ಕ) ಬರುವುದಿಲ್ಲ, ಮನೆಯಿಂದ ಬರೆದರೆ ಕಾಗದ ಪೆನ್ನು ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಕರೆಂಟಿನ ಭರವಸೆಯಿಲ್ಲ, ಬಾಗಿಲು ಹಾಕಿಕೊಂಡರೆ ‘ಊಟಕ್ಕೆ ಬಾ’ ಅಂತ ಅಜ್ಜಿ ಒಳಗೇ ಬರುತ್ತಾರೆ. ಅದಕ್ಕೆ ರಾತ್ರಿ ಬಸ್ಸು ಹತ್ತಿ ಸೆಂಟರಿಗೇ ಹೋದೆ, ಅಲ್ಲಿ ಒರೆಸಿ ಬರೆಯುವ ಬೋರ್ಡು, ಮಾರ್ಕರ್ ಕೊಡುತ್ತಾರೆ. ಬಸ್ ಚಾರ್ಜು ಸೇರಿಸಿದರೂ ಸ್ಕಾಲರ್‌ಶಿಪ್ ದುಡ್ಡಿನಲ್ಲಿ ಸಿಸಿಎನ್‌ಎ ಮುಗಿಯಿತು, ಅಪ್ಪನ ಹತ್ತಿರ ಕೈ ಚಾಚಲಿಲ್ಲ. ಇಂಟರ್‌ವ್ಯೂನಲ್ಲೂ ಪ್ರಶ್ನೆ ಕೇಳಿದ್ದು ಅದರ ಬಗ್ಗೆಯೇ, ಎಝಡ್-900 ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ನಿಮ್ಮ ಕಾಲೇಜು ಸಿಸ್ಕೊ ಅಕಾಡೆಮಿ ಅಲ್ಲದಿದ್ದರೆ ಲೆಕ್ಕ ಉಲ್ಟಾ ಆಗುತ್ತದೆ. ಪೂರ್ತಿ 300 ಡಾಲರ್ ಕೊಟ್ಟು ಸಿಸಿಎನ್‌ಎ ಬರೆಯಿರಿ ಅಂತ ನಾನು ಹೇಳಲಾರೆ. ಆಗ ಎಝಡ್-900 ಬಿಟ್ಟು ನೇರ ಎಝಡ್-104ಕ್ಕೇ ವಿದ್ಯಾರ್ಥಿ ದರ ಹಿಡಿಯಿರಿ, ಮೊದಲನೆಯದನ್ನು ಬರೆದಿರಬೇಕೆಂಬ ನಿಯಮವಿಲ್ಲ. ಆ ಪರೀಕ್ಷೆಯ ನಡುವೆ ಮೈಕ್ರೋಸಾಫ್ಟ್ ಲರ್ನ್ ಪುಟಗಳನ್ನು ತೆರೆದು ನೋಡಲೂ ಬಿಡುತ್ತಾರೆ. ಬೋನಫೈಡ್ ಮಾತ್ರ ಎಂಟನೇ ಸೆಮಿಸ್ಟರ್ ಮುಗಿಯುವ ಮುಂಚೆಯೇ ಮಾಡಿಸಿಕೊಳ್ಳಿ, ಟಿಸಿ ತಗೊಂಡ ಮೇಲೆ ಆ ಮೇಡಂ ಕೂಡ ಏನೂ ಮಾಡಲಾರರು.