ಕೊರಿಯನ್ ಕಲಿಯಲು ಹೊರಟವರೇ, ಓರಿಯೆಂಟೇಶನ್‌ನಲ್ಲಿ ಇಷ್ಟನ್ನೂ ಹೇಳಿಸಿಕೊಳ್ಳದೆ ಟಿಕೆಟ್ ತೆಗೆಸಬೇಡಿ

ಕನ್ಸಲ್ಟೆನ್ಸಿಯೊಂದರ ಮೂಲಕ ದಕ್ಷಿಣ ಕೊರಿಯಾಕ್ಕೆ ಭಾಷೆ ಕಲಿಯಲು ಹೋದ ಗುಂಪಿಗೆ ಹೊರಡುವ ಮುಂಚೆ ಅರ್ಧ ದಿನದ ಓರಿಯೆಂಟೇಶನ್ ನಡೆಯಿತು. ದೊಡ್ಡವರಿಗೆ ಬಗ್ಗಿ ನಮಸ್ಕರಿಸುವುದು, ಎರಡೂ ಕೈಯಿಂದ ಲೋಟ ಹಿಡಿಯುವುದು, ಸೋಲ್‌ನಲ್ಲಿ ಬಟ್ಟೆ ಎಲ್ಲಿ ಅಗ್ಗ, ಇಷ್ಟೇ. ಕಾಗದಪತ್ರದ ಮಾತು ಬಂದಾಗ ‘ಅಲ್ಲಿ ಹೋದಮೇಲೆ ಯೂನಿವರ್ಸಿಟಿಯವರೇ ನೋಡ್ಕೋತಾರೆ’ ಅಂದುಬಿಟ್ಟರು. ಮುಂದೆ ಒಬ್ಬರು ನೋಂದಣಿ ತಡವಾಗಿ ದಂಡ ಕಟ್ಟಿದರು. ಇನ್ನೊಬ್ಬರು ರಜೆಗೆ ಜಪಾನ್‌ಗೆ ಹೋಗಿ ವಾಪಸ್ ಬರಲಾಗದೆ ಸಿಕ್ಕಿಬಿದ್ದರು. ಮತ್ತೊಬ್ಬರು ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡುವಾಗ ತಪಾಸಣೆಗೆ ಸಿಕ್ಕರು. ಈ ಮಕ್ಕಳು ಮುರಿದ ನಿಯಮಗಳಲ್ಲಿ ಗುಟ್ಟಿನದು ಒಂದೂ ಇರಲಿಲ್ಲ, ಒಂದು ಗಂಟೆಯಲ್ಲಿ ಹೇಳಿ ಮುಗಿಸಬಹುದಿತ್ತು. ಹೊರಡುವವರೂ ಅವರ ತಂದೆತಾಯಿಯೂ ಇದನ್ನು ಪೂರ್ತಿ ಓದಿ.

ಮೊದಲನೆಯದು ರೆಸಿಡೆನ್ಸ್ ಕಾರ್ಡ್, ಅಂದರೆ ಅಲ್ಲಿ ನೆಲೆಸುವ ವಿದೇಶಿಯರಿಗೆ ಕೊಡುವ ಗುರುತಿನ ಚೀಟಿ. ಹಳಬರು ಇದನ್ನು ಈಗಲೂ ಎಆರ್‌ಸಿ ಅನ್ನುತ್ತಾರೆ. ಭಾಷಾ ಕೋರ್ಸ್‌ಗೆ ಕೊಡುವ ಡಿ-4 ವೀಸಾದಲ್ಲಿ ಹೋದವರು ಬಂದಿಳಿದ 90 ದಿನದೊಳಗೆ ವಲಸೆ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಮೂರು ತಿಂಗಳು ಬೇಕಾದಷ್ಟಾಯಿತು ಅನ್ನಿಸುತ್ತದೆ. ಆದರೆ ವಲಸೆ ಇಲಾಖೆಯ ಹೈಕೊರಿಯಾ ಜಾಲತಾಣದಲ್ಲಿ ಮೊದಲೇ ಸಮಯ ಕಾದಿರಿಸಬೇಕು, ಅದೂ ನಿಮ್ಮ ವಿಳಾಸ ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೋ ಅಲ್ಲೇ. ಮಾರ್ಚ್, ಸೆಪ್ಟೆಂಬರ್‌ನಲ್ಲಿ ಎಲ್ಲ ಕಾಲೇಜುಗಳಿಗೂ ಹೊಸಬರು ಬಂದಿರುತ್ತಾರೆ. ಖಾಲಿ ದಿನಾಂಕ ಸಿಗುವಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಬಂದ ಮೊದಲ ವಾರದಲ್ಲೇ ಕಾದಿರಿಸಿ. ಕೆಲವು ವಿಶ್ವವಿದ್ಯಾಲಯಗಳು ಎಲ್ಲರ ಅರ್ಜಿಯನ್ನೂ ಒಟ್ಟಿಗೆ ಸಲ್ಲಿಸುವುದು ನಿಜ. ಆದರೆ ಅವರು ಹೇಳಿದ ದಿನಕ್ಕೆ ಒಂದು ಕಾಗದ ಕಡಿಮೆಯಾದರೂ ನಿಮ್ಮ ಹೆಸರು ಪಟ್ಟಿಯಿಂದ ಹೊರಗೆ, ಆಮೇಲೆ ನಿಮ್ಮ ಪಾಡು ನಿಮ್ಮದು.

ಕಡಿಮೆಯಾಗುವ ಕಾಗದ ಸಾಮಾನ್ಯವಾಗಿ ವಿಳಾಸದ್ದು. ಪಾಸ್‌ಪೋರ್ಟ್, 3.5 × 4.5 ಸೆಂ.ಮೀ. ಫೋಟೊ, ವ್ಯಾಸಂಗ ಪ್ರಮಾಣಪತ್ರ, ಶುಲ್ಕ ಇವೆಲ್ಲ ಕೈಯಲ್ಲೇ ಇರುತ್ತವೆ. ಹಾಸ್ಟೆಲ್‌ನಲ್ಲಿದ್ದರೆ ಅವರೇ ವಾಸದ ಪತ್ರ ಕೊಡುತ್ತಾರೆ. ಹಾಸ್ಟೆಲ್ ಸಿಗದವರು ಗೊಶಿವೊನ್ ಹಿಡಿಯುತ್ತಾರೆ. ಮಂಚ, ಮೇಜು ಇಟ್ಟರೆ ಮುಗಿಯುವ ಸಣ್ಣ ಕೋಣೆ, ದೊಡ್ಡ ಠೇವಣಿ ಕೇಳುವುದಿಲ್ಲ, ಅದಕ್ಕೇ ಎಲ್ಲರಿಗೂ ಇಷ್ಟ. ಆದರೆ ಕೆಲವು ಮಾಲೀಕರು ಬಾಯಿಮಾತಿನಲ್ಲೇ ಕೋಣೆ ಕೊಡುತ್ತಾರೆ, ಕರಾರುಪತ್ರ ಕೇಳಿದರೆ ಆಗೋಲ್ಲ ಅನ್ನುತ್ತಾರೆ. ಪತ್ರವಿಲ್ಲದೆ ವಲಸೆ ಕಚೇರಿ ಅರ್ಜಿ ತೆಗೆದುಕೊಳ್ಳುವುದಿಲ್ಲ. ಹಣ ಕೊಡುವ ಮುಂಚೆಯೇ ಕೇಳಿ: ನನ್ನ ಹೆಸರಿನಲ್ಲಿ ಕರಾರುಪತ್ರವನ್ನೋ ವಸತಿ ಕೊಟ್ಟಿದ್ದೇವೆಂಬ ದೃಢೀಕರಣವನ್ನೋ ಬರೆದುಕೊಡುತ್ತೀರಾ? ಇಲ್ಲ ಅಂದರೆ ಬೇರೆ ಕೋಣೆ ನೋಡಿ. ಆಮೇಲೆ ಮನೆ ಬದಲಾಯಿಸಿದರೂ 15 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು, ತಪ್ಪಿದರೆ ಅದಕ್ಕೂ ದಂಡವಿದೆ.

ಜಪಾನ್‌ಗೆ ಹೋದವರ ಕತೆಯೂ ಈ ಕಾರ್ಡಿನದೇ. ಅವರ ವೀಸಾ ಒಮ್ಮೆ ಮಾತ್ರ ಒಳಬರಲು ಇದ್ದದ್ದು. ಕಾರ್ಡ್ ಕೈಗೆ ಬರುವ ಮುಂಚೆ ಗಡಿ ದಾಟಿದರೆ ಆ ವೀಸಾ ಅಲ್ಲಿಗೆ ಮುಗಿಯಿತು. ಕಾರ್ಡ್ ಬಂದಮೇಲೆ, ವಾಸದ ಅವಧಿ ಉಳಿದಿದ್ದರೆ, ಒಂದು ವರ್ಷದೊಳಗೆ ಹೋಗಿಬರಲು ಪ್ರತ್ಯೇಕ ಅನುಮತಿ ಬೇಕಿಲ್ಲ. ಊರಿನಲ್ಲಿ ಮದುವೆ, ಹಬ್ಬ ಇದೆ ಎಂದು ನಡುವೆ ಬರುವ ಯೋಚನೆ ಇದ್ದವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಹೆಸರಿನ ತೊಡಕು ನಮ್ಮ ಕಡೆಯವರಿಗೆ ವಿಶೇಷವಾಗಿ ಕಾಡುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಕಾವ್ಯ ಆರ್’, ಪಾಸ್‌ಪೋರ್ಟ್‌ನಲ್ಲಿ ‘ಕಾವ್ಯ ರಮೇಶ್’, ತಂದೆಯ ಬ್ಯಾಂಕ್ ಖಾತೆಯಲ್ಲಿ ‘ರಮೇಶಪ್ಪ’. ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಲ್ಲಿ ಇವರೆಲ್ಲ ಬೇರೆ ಬೇರೆ ವ್ಯಕ್ತಿಗಳು. ಪ್ರವೇಶದ ಅರ್ಜಿಯನ್ನು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ, ಅಕ್ಷರ ಬಿಡದೆ ತುಂಬಿ. ಅಂಕಪಟ್ಟಿಯ ವ್ಯತ್ಯಾಸಕ್ಕೆ ನೋಟರಿ ಅಫಿಡವಿಟ್ ಮಾಡಿಸಿ, ಅದು ಸಾಕೇ ಎಂದು ಅರ್ಜಿಗೆ ಮೊದಲೇ ಕಾಲೇಜಿಗೂ ಕಾನ್ಸುಲೇಟ್‌ಗೂ ಮೇಲ್ ಹಾಕಿ ಕೇಳಿ. ಕೊರಿಯಾ ತಲುಪಿದ ಮೇಲೂ ಇದು ಬೆನ್ನು ಬಿಡುವುದಿಲ್ಲ. ಅಲ್ಲಿನ ಆ್ಯಪ್‌ಗಳು ನಿಮ್ಮ ಹೆಸರಿನಲ್ಲಿರುವ ಮೊಬೈಲ್ ಸಂಖ್ಯೆಯಿಂದ ಗುರುತು ಪರಿಶೀಲಿಸುತ್ತವೆ. ಸಿಮ್ ಕೊಟ್ಟವರು ಹೆಸರನ್ನು ಒಂದು ರೀತಿ, ಬ್ಯಾಂಕಿನವರು ಇನ್ನೊಂದು ರೀತಿ ಟೈಪ್ ಮಾಡಿದ್ದರೆ ಪರಿಶೀಲನೆ ನಿಂತುಹೋಗುತ್ತದೆ. ಎರಡೂ ಕಡೆ ಕಾರ್ಡ್ ಮುಂದಿಟ್ಟು, ಸ್ಪೇಸ್ ಸಮೇತ ಹಾಗೆಯೇ ಬರೆಸಿ. ಇಲ್ಲಿಂದ ಕೊಂಡೊಯ್ಯುವ ಡೇಟಾ ಮಾತ್ರದ ಇ-ಸಿಮ್‌ಗೆ 010ರಿಂದ ಶುರುವಾಗುವ ಕೊರಿಯಾದ ಮೊಬೈಲ್ ಸಂಖ್ಯೆ ಬರುವುದಿಲ್ಲ, ಈ ಕೆಲಸಕ್ಕೆ ಅದು ನಡೆಯದು.

ಕೆಲಸದ ವಿಷಯದಲ್ಲಿ ಹೇಳುವ ಸುಳ್ಳು ದೊಡ್ಡದು. ‘ಹೋದ ಮೊದಲ ತಿಂಗಳೇ ಪಾರ್ಟ್‌ಟೈಮ್ ಸಿಗುತ್ತೆ, ಊಟ ಬಾಡಿಗೆ ಅದರಲ್ಲೇ ಕಳೆಯುತ್ತೆ’ ಎಂದು ಯಾರಾದರೂ ಅಂದರೆ ಎದ್ದು ಬನ್ನಿ. ಡಿ-4ರ ಭಾಷಾ ವಿದ್ಯಾರ್ಥಿ ಮೊದಲ ಆರು ತಿಂಗಳು ಕೆಲಸ ಮಾಡುವಂತಿಲ್ಲ. ಆಮೇಲೂ ಕೆಲಸಕ್ಕೆ ಸೇರುವ ಮೊದಲೇ ವಲಸೆ ಕಚೇರಿಯ ಅನುಮತಿ ಬೇಕು. ಅದಕ್ಕೆ ಹಾಜರಾತಿ ಮತ್ತು ಟೋಪಿಕ್ ಎಂಬ ಕೊರಿಯನ್ ಭಾಷಾ ಪರೀಕ್ಷೆಯ ಮಟ್ಟ ನೋಡುತ್ತಾರೆ, ವಾರಕ್ಕೆ ಇಷ್ಟೇ ಗಂಟೆ ಎಂಬ ಮಿತಿಯೂ ಇದೆ. ಕನಿಷ್ಠ ಆರು ತಿಂಗಳ ಖರ್ಚು ಕೈಯಲ್ಲಿಲ್ಲದೆ ಹೊರಡಬೇಡಿ. ಇನ್ನೊಂದು ಮಾತು, ಇದು ಜೈಲಿನ ತನಕ ಹೋಗುವಂಥದ್ದು: ಬ್ಯಾಂಕ್ ಖಾತೆಯನ್ನೋ ಕಾರ್ಡನ್ನೋ ಹಣಕ್ಕಾಗಿ ಬೇರೆಯವರಿಗೆ ಬಳಸಲು ಕೊಡುವುದು ಅಲ್ಲಿ ಅಪರಾಧ. ‘ಒಬ್ಬರಿಂದ ನಗದು ಇಸ್ಕೊಂಡು ಇನ್ನೊಬ್ಬರಿಗೆ ಕೊಟ್ಟರೆ ಸಾಕು’ ಎಂಬ ಕೆಲಸ ಬಹುಪಾಲು ಫೋನ್ ವಂಚಕರದ್ದು. ಭಾಷೆ ಬಾರದ ಹೊಸಬರನ್ನೇ ಅವರು ಹುಡುಕುವುದು.

ಹಾಜರಾತಿಯ ಲೆಕ್ಕ ಕೂತು ಮಾಡಿ. ಸಾಮಾನ್ಯವಾಗಿ ಒಂದು ಟರ್ಮ್ ಅಂದರೆ 10 ವಾರ, ವಾರಕ್ಕೆ ಐದು ದಿನ, ದಿನಕ್ಕೆ ನಾಲ್ಕು ಗಂಟೆ, ಒಟ್ಟು 200 ಗಂಟೆ. ಪಾಸಾಗಲು 80% ಬೇಕೆಂದರೆ ತಪ್ಪಿಸಬಹುದಾದದ್ದು 40 ಗಂಟೆ, ಅಂದರೆ ಹತ್ತು ದಿನ. ವೀಸಾ ತಡವಾಗಿ ಒಂದು ವಾರ ಬಿಟ್ಟು ತಲುಪಿದರೆ ಅದರಲ್ಲಿ ಅರ್ಧ ಅಲ್ಲೇ ಹೋಯಿತು. ಚಳಿಗಾಲದ ಟರ್ಮ್ ಡಿಸೆಂಬರ್‌ನಲ್ಲಿ ಶುರು. ಸೋಲ್‌ನಲ್ಲಿ ಮೈನಸ್ 10 ಡಿಗ್ರಿಗೆ ಇಳಿಯುವ ಬೆಳಿಗ್ಗೆಗಳಲ್ಲಿ ನಮ್ಮ ಊರಿನ ಸ್ವೆಟರ್ ನೆಚ್ಚಿಕೊಂಡವರು ಜ್ವರ ಬಂದು ಕೂರುತ್ತಾರೆ. ಹಾಜರಾತಿ ಕುಸಿದರೆ ವೀಸಾ ವಿಸ್ತರಣೆಗೇ ಪೆಟ್ಟು.

ವಿಮೆಯದು ಚಿಕ್ಕ ಮಾತು: ಡಿ-4ನವರಿಗೆ ರಾಷ್ಟ್ರೀಯ ಆರೋಗ್ಯ ವಿಮೆ ಆರು ತಿಂಗಳ ನಂತರ ಕಡ್ಡಾಯ, ಅಲ್ಲಿಯ ತನಕ ಖಾಸಗಿ ವಿಮೆ ಮಾಡಿಸಿ. ಕಂತು ಬಾಕಿ ಉಳಿಸಿಕೊಂಡರೆ ವೀಸಾ ವಿಸ್ತರಣೆಯಲ್ಲಿ ಅಡ್ಡ ಬರುತ್ತದೆ. ಕೊಡೀನ್ ಇರುವ ಕೆಮ್ಮಿನ ಸಿರಪ್ ಬ್ಯಾಗಿಗೆ ಹಾಕಬೇಡಿ, ಅದು ಅಲ್ಲಿ ಮಾದಕವಸ್ತುವಿನ ಪಟ್ಟಿಯಲ್ಲಿದೆ. ಹಸಿ ಕರಿಬೇವು, ಹಣ್ಣು, ಮಾಂಸದ ಪದಾರ್ಥವೂ ಬೇಡ.

ಹೊರಡುವ ಮುಂಚಿನ ಕಾಗದಗಳಲ್ಲಿ ಸಮಯ ತಿನ್ನುವುದು ಅಪೊಸ್ಟಿಲ್, ಅಂದರೆ ನಮ್ಮ ಕಾಗದ ಅಸಲಿ ಎಂದು ವಿದೇಶದಲ್ಲಿ ಒಪ್ಪುವಂತೆ ಮಾಡಿಸುವ ದೃಢೀಕರಣ. ಅಂಕಪಟ್ಟಿಗೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮೊಹರು. ಕನ್ನಡದಲ್ಲಷ್ಟೇ ಇರುವ ಹಳೆಯ ಜನನ ಪ್ರಮಾಣಪತ್ರವಾದರೆ ಅನುವಾದವೂ ಸೇರುತ್ತದೆ. ಕ್ಷಯದ ತಪಾಸಣೆಯನ್ನು ರಾಯಭಾರ ಕಚೇರಿ ಗೊತ್ತುಮಾಡಿದ ಆಸ್ಪತ್ರೆಯಲ್ಲೇ ಮಾಡಿಸಬೇಕು, ಪಕ್ಕದ ಲ್ಯಾಬಿನ ಎಕ್ಸ್‌ರೇ ನಡೆಯುವುದಿಲ್ಲ. ಆ ವರದಿಗೆ ಆಯುಸ್ಸೂ ಕಡಿಮೆ, ಆದ್ದರಿಂದ ಅಪೊಸ್ಟಿಲ್ ಮುಗಿಯುವ ಹೊತ್ತಿಗೆ ಮಾಡಿಸಿ. 2023ರ ಬದಲಾವಣೆಯ ನಂತರ ಭಾಷಾ ಕೋರ್ಸ್‌ಗೆ ತೋರಿಸಬೇಕಾದ ಬ್ಯಾಂಕ್ ಹಣ 1 ಕೋಟಿ ವಾನ್, ನಮ್ಮ ಲೆಕ್ಕದಲ್ಲಿ ಸುಮಾರು ಆರು ಲಕ್ಷ ರೂಪಾಯಿ. ‘ಒಂದು ವಾರಕ್ಕೆ ನಾವೇ ಹಾಕಿ ತೆಗೀತೀವಿ’ ಎಂಬ ಏಜೆಂಟನ್ನು ನಂಬಬೇಡಿ. ದಿಢೀರನೆ ಬಂದ ಮೊತ್ತಕ್ಕೆ ಮೂಲ ಕೇಳುತ್ತಾರೆ, ಉತ್ತರ ಕೊಡಬೇಕಾದವರು ನೀವು. ‘ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲೇ ಬದಲಾಯಿಸಿಕೊಳ್ಳಿ’ ಎಂಬುದನ್ನಂತೂ ಕಿವಿಗೂ ಹಾಕಿಕೊಳ್ಳಬೇಡಿ.

ಬೋಧನಾ ಶುಲ್ಕವನ್ನು ವಿಶ್ವವಿದ್ಯಾಲಯದ ಹೆಸರಿನಲ್ಲಿರುವ ಕೊರಿಯಾದ ಖಾತೆಗೇ ಕಳಿಸಿ, ಕನ್ಸಲ್ಟೆನ್ಸಿಯ ಖಾತೆಗೆ ಬೇಡ. ವೀಸಾ ಸಿಗದಿದ್ದರೆ ಎಷ್ಟು ವಾಪಸ್, ಯಾವ ಕಾಗದ ತೋರಿಸಬೇಕು, ಎಷ್ಟು ದಿನದೊಳಗೆ ಕೇಳಬೇಕು ಎಂಬುದನ್ನು ಕಟ್ಟುವ ಮೊದಲೇ ಕಾಲೇಜಿನ ಭಾಷಾ ಕೇಂದ್ರದಿಂದ ಬರಹದಲ್ಲಿ ತರಿಸಿಕೊಳ್ಳಿ. ಅಲ್ಲಿ ಇಳಿದ ಮೇಲೆ ವೀಸಾ, ಕಾರ್ಡ್, ಕೆಲಸದ ಬಗ್ಗೆ ಅನುಮಾನ ಬಂದರೆ ವಲಸೆ ಇಲಾಖೆಯ ಸಹಾಯವಾಣಿ 1345ಕ್ಕೆ ಕರೆ ಮಾಡಿ, ಇಂಗ್ಲಿಷ್‌ನಲ್ಲೂ ಉತ್ತರಿಸುತ್ತಾರೆ. ಸೀನಿಯರ್‌ಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳುವ ಮುಂಚೆ ಅಲ್ಲಿ ಕೇಳಿ.