ಜರ್ಮನಿಯ ಪಬ್ಲಿಕ್ ಹೆಲ್ತ್ ಇನ್ಶೂರೆನ್ಸ್: ವರ್ಷಗಟ್ಟಲೆ ಬಳಸಿದ ಮೇಲೆ ನನಗನಿಸಿದ್ದು

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಮುಂದೆ ಹೇಳ್ತೀನಿ.

ಜರ್ಮನಿಗೆ ಹೊಸದಾಗಿ ಬಂದವರು ಕೇಳುವ ಮೊದಲ ಪ್ರಶ್ನೆ ಒಂದೇ. ಯಾವ ಕಾಸೆ ಒಳ್ಳೆಯದು? ಟಿಕೆನಾ, ಎಓಕೆನಾ, ಬಾರ್ಮರಾ? (ಇನ್ಶೂರೆನ್ಸ್ ಕೊಡುವ ಕ್ರಾಂಕೆನ್‌ಕಾಸೆಯನ್ನು ಇಲ್ಲಿ ಎಲ್ಲರೂ ಕಾಸೆ ಅಂತಲೇ ಕರೆಯುವುದು.) ಇದಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಯಾವ ಚಿಕಿತ್ಸೆಗೆ ದುಡ್ಡು ಕೊಡಬೇಕು ಅನ್ನುವುದನ್ನು ಬಹುಪಾಲು ಕಾನೂನೇ ನಿಗದಿ ಮಾಡಿದೆ, ಎಲ್ಲ ಕಾಸೆಗಳಲ್ಲೂ ಹೆಚ್ಚುಕಡಿಮೆ ಅದೇ ಸಿಗುತ್ತದೆ. ಹಲ್ಲು ಕ್ಲೀನ್ ಮಾಡಿಸಲು ಒಂದಿಷ್ಟು ದುಡ್ಡು, ಚೆನ್ನಾಗಿರುವ ಆಪ್, ಫೋನಿನಲ್ಲಿ ಇಂಗ್ಲಿಷ್ ಮಾತಾಡುವವರು, ವ್ಯತ್ಯಾಸ ಇರುವುದು ಇಂಥದ್ದರಲ್ಲೇ. ನಿಜವಾಗಿ ಕೂತು ಯೋಚಿಸಬೇಕಾದ್ದು ಪಬ್ಲಿಕ್ಕೋ ಪ್ರೈವೇಟೋ ಅನ್ನುವುದನ್ನು. ಅದನ್ನೇ ಜನ ಬಂದ ಹೊಸದರಲ್ಲಿ, ಮನೆ ಹುಡುಕಾಟದ ಮಧ್ಯೆ, ಯಾರೋ ಏಜೆಂಟ್ ಹೇಳಿದ ಅಂತ ಐದು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ.

ಮೊದಲು ದುಡ್ಡಿನ ಲೆಕ್ಕ. ನಮ್ಮಲ್ಲಿ ಪಾಲಿಸಿ ಕೊಳ್ಳುವಾಗ ವಯಸ್ಸು, ಬಿಪಿ, ಶುಗರ್ ಎಲ್ಲ ಕೇಳುತ್ತಾರಲ್ವಾ, ಇಲ್ಲಿ ಪಬ್ಲಿಕ್‌ನಲ್ಲಿ ಅದ್ಯಾವುದೂ ಕಂತಿಗೆ ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರುವುದು ಸಂಬಳ ಮಾತ್ರ. ಮೂಲ ದರ ಶೇ 14.6. ಅದರ ಮೇಲೆ ಒಂದೊಂದು ಕಾಸೆ ತನ್ನದೇ ಹೆಚ್ಚುವರಿ ದರ ಹಾಕುತ್ತದೆ, 2025ಕ್ಕೆ ಸರ್ಕಾರ ಹೇಳಿದ ಸರಾಸರಿ ಶೇ 2.5 ಇತ್ತು. ಎರಡರಲ್ಲೂ ಅರ್ಧ ಕಂಪನಿಯದ್ದು, ಅರ್ಧ ನಿಮ್ಮದು. 2025ರ ಆ ಸರಾಸರಿಯಲ್ಲಿ ತಿಂಗಳಿಗೆ 4,000 ಯೂರೋ ಸಂಬಳ ಅಂದರೆ ನಿಮ್ಮ ಪಾಲು ಸುಮಾರು 342 ಯೂರೋ. ವಯಸ್ಸಾದಾಗ ಆರೈಕೆ ಬೇಕಾದರೆ ಅಂತ ಇರುವ ಫ್ಲೇಗೆ ವಿಮೆಗೆ ಬೇರೆ ಕಡಿತ, ಅದರಲ್ಲೂ ಮಕ್ಕಳಿಲ್ಲದಿದ್ದರೆ 23 ದಾಟಿದವರಿಗೆ ಜಾಸ್ತಿ. ಮೊದಲ ಪೇಸ್ಲಿಪ್ ನೋಡಿದಾಗ ಹೊಟ್ಟೆ ಉರಿಯುತ್ತದೆ, ಸುಳ್ಳಲ್ಲ. ಆದರೆ ಸಂಬಳ ಎಷ್ಟೇ ಏರಿದರೂ ಕಡಿತ ಒಂದು ಮಿತಿಗೆ ನಿಲ್ಲುತ್ತದೆ, 2025ರಲ್ಲಿ ವರ್ಷಕ್ಕೆ 66,150 ಯೂರೋವರೆಗಿನ ಸಂಬಳಕ್ಕೆ ಮಾತ್ರ ಲೆಕ್ಕ ಇತ್ತು. ಎರಡು ಕಾಸೆಗಳ ಹೆಚ್ಚುವರಿ ದರದಲ್ಲಿ ಅರ್ಧ ಪರ್ಸೆಂಟ್ ವ್ಯತ್ಯಾಸ ಇದ್ದರೆ 4,000ಕ್ಕೆ ನಿಮಗೆ ಉಳಿಯುವುದು ತಿಂಗಳಿಗೆ ಹತ್ತು ಯೂರೋ. ಅದಕ್ಕೇ ಹೇಳಿದ್ದು, ಅರ್ಧ ಗಂಟೆ ಸಾಕು ಅಂತ.

ಈಗ ಪ್ರೈವೇಟ್ ವಿಷಯ. ವರ್ಷಕ್ಕೆ ಒಂದು ಮಿತಿಗಿಂತ (2025ರಲ್ಲಿ ಅದು 73,800 ಯೂರೋ ಇತ್ತು) ಕಡಿಮೆ ಸಂಬಳದ ನೌಕರರಿಗೆ ಪಬ್ಲಿಕ್ ಕಡ್ಡಾಯ, ಅವರು ಯೋಚಿಸುವುದೇ ಬೇಡ. ಅದಕ್ಕಿಂತ ಜಾಸ್ತಿ ಇರುವವರಿಗೆ ಎರಡೂ ದಾರಿ ತೆರೆದಿರುತ್ತದೆ. ಮೂವತ್ತರ ಆಸುಪಾಸಿನ, ಒಬ್ಬರೇ ಇರುವ, ಕಾಯಿಲೆ ಕಸಾಲೆ ಇಲ್ಲದ ಸಾಫ್ಟ್‌ವೇರ್‌ನವರಿಗೆ ಪ್ರೈವೇಟ್ ಎಷ್ಟೋ ಅಗ್ಗ ಕಾಣುತ್ತದೆ, ಡಾಕ್ಟರೂ ಬೇಗ ಸಿಗುತ್ತಾರೆ. ಆದರೆ ಅಲ್ಲಿ ಹೆಂಡತಿಗೆ ಬೇರೆ ಕಂತು, ಹುಟ್ಟುವ ಒಂದೊಂದು ಮಗುವಿಗೂ ಬೇರೆ ಕಂತು. ಪಬ್ಲಿಕ್‌ನಲ್ಲಿ ಆದಾಯ ಇಲ್ಲದ ಗಂಡನೋ ಹೆಂಡತಿಯೋ, ಜೊತೆಗೆ ಮಕ್ಕಳು, ಎಲ್ಲರೂ ನಿಮ್ಮ ಒಂದೇ ಕಂತಿನಲ್ಲಿ ಬಂದುಬಿಡುತ್ತಾರೆ, ಮೇಲೆ ಒಂದು ಸೆಂಟ್ ಇಲ್ಲ. ಇನ್ನೊಂದು, ಪ್ರೈವೇಟಿಗೆ ಹೋದವರು ಬೇಕೆಂದಾಗ ವಾಪಸ್ ಬರಲಾಗುವುದಿಲ್ಲ. ಸಂಬಳ ಮಿತಿಗಿಂತ ಕೆಳಗಿಳಿಯುವಂಥದ್ದು ಏನಾದರೂ ಆಗಬೇಕು, 55 ದಾಟಿದ ಮೇಲಂತೂ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೇ.

ಇದು ಮಾತ್ರ ಬರೆದಿಟ್ಟುಕೊಳ್ಳಿ: ಜರ್ಮನಿಯಲ್ಲಿ ಇದು ನಿಮ್ಮ ಮೊದಲ ಕೆಲಸ, ಸಂಬಳ ಆ ಮಿತಿಗಿಂತ ಮೇಲಿದೆ ಅಂದರೆ ಪಬ್ಲಿಕ್ಕಿಗೆ ಸ್ವಇಚ್ಛೆಯಿಂದ ಸೇರಲು ಕೆಲಸ ಶುರುವಾದ ಮೇಲೆ ಮೂರೇ ತಿಂಗಳು ಸಮಯ. "ಸದ್ಯಕ್ಕೆ ಅಗ್ಗದ್ದು ಯಾವುದೋ ತಗೊಂಡಿರ್ತೀನಿ, ಆಮೇಲೆ ನೋಡೋಣ" ಅನ್ನುವವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಬಳಕೆಗೆ ಬರೋಣ. ದೊಡ್ಡ ವಿಷಯಗಳಲ್ಲಿ ಈ ವ್ಯವಸ್ಥೆಗೆ ಕೈ ಮುಗಿಯಬೇಕು. ನನಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ರಾತ್ರಿ ಎಮರ್ಜೆನ್ಸಿಗೆ ಹೋದಾಗ ಕೌಂಟರಿನಲ್ಲಿದ್ದವರು ಕಾರ್ಡ್ ಇಸಿದುಕೊಂಡು ಮೆಷಿನ್ನಿಗೆ ತೂರಿಸಿ ವಾಪಸ್ ಕೊಟ್ಟರು. ಅಷ್ಟೇ. ಡಿಪಾಸಿಟ್ ಇಲ್ಲ, ಅಪ್ರೂವಲ್ ಬರಲಿ ಅಂತ ಕಾಯುವುದಿಲ್ಲ, ಮನೆಯವರು ಫೈಲ್ ಹಿಡಿದು ಓಡಾಡುವುದಿಲ್ಲ. ಮನೆಗೆ ಬಂದ ಮೇಲೆ ಅಂಚೆಯಲ್ಲಿ ಒಂದು ಬಿಲ್ ಬಂತು, ಆಸ್ಪತ್ರೆಯಲ್ಲಿದ್ದ ದಿನಕ್ಕೆ ಹತ್ತು ಯೂರೋ ಲೆಕ್ಕದಲ್ಲಿ. ಅದೂ ವರ್ಷಕ್ಕೆ 28 ದಿನದವರೆಗೆ ಮಾತ್ರ ಕಟ್ಟಬೇಕು. ಹೆರಿಗೆಗೆ ಅದೂ ಇಲ್ಲ. ಹೆರಿಗೆ ಆದ ಮೇಲೆ ಹೆಬಾಮೆ, ಅಂದರೆ ಸೂಲಗಿತ್ತಿ, ಮನೆಗೇ ಬಂದು ಮಗುವಿನ ತೂಕ ನೋಡಿ, ಹೊಕ್ಕುಳು ನೋಡಿ, ಹಾಲು ಕುಡಿಸುವುದು ಹೇಳಿಕೊಟ್ಟು ಹೋಗುತ್ತಾರೆ, ಎಲ್ಲ ಕಾಸೆ ಖರ್ಚು. ಆದರೆ ಬಸುರಿ ಅಂತ ಗೊತ್ತಾದ ತಕ್ಷಣ ಹೆಬಾಮೆ ಹುಡುಕಲು ಶುರು ಮಾಡಿ, ದೊಡ್ಡ ಊರುಗಳಲ್ಲಿ ಸಿಗುವುದೇ ಕಷ್ಟ.

ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲಾಗದಿದ್ದರೆ ಮೊದಲ ಆರು ವಾರ ಕಂಪನಿಯೇ ಪೂರ್ತಿ ಸಂಬಳ ಕೊಡುತ್ತದೆ (ಕೆಲಸಕ್ಕೆ ಸೇರಿ ನಾಲ್ಕು ವಾರ ಆಗಿರಬೇಕು). ಆಮೇಲೆ ಕಾಸೆಯಿಂದ ಒಟ್ಟು ಸಂಬಳದ ಶೇ 70, ಒಂದು ಮಿತಿಯವರೆಗೆ. ಒಂದೇ ಕಾಯಿಲೆಗೆ ಮೂರು ವರ್ಷದಲ್ಲಿ 78 ವಾರದವರೆಗೂ ಇದು ನಡೆಯುತ್ತದೆ, ಆ ಮೊದಲ ಆರು ವಾರವೂ ಅದರಲ್ಲೇ ಸೇರಿತು. ಪ್ರೀಮಿಯಂ ಹೋಲಿಸುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಔಷಧಿ ಅಂಗಡಿಯಲ್ಲಿ ಬೆಲೆಯ ಶೇ 10 ನಿಮ್ಮದು, ಆದರೆ ಐದು ಯೂರೋಗಿಂತ ಕಡಿಮೆ ಇಲ್ಲ, ಹತ್ತಕ್ಕಿಂತ ಜಾಸ್ತಿ ಇಲ್ಲ. ಮಕ್ಕಳಿಗೆ ಅದೂ ಇಲ್ಲ. 2024ರಿಂದ ಚೀಟಿಯೂ ಕಾರ್ಡಿನಲ್ಲೇ, ಕಾರ್ಡ್ ತೂರಿಸಿದರೆ ಅಂಗಡಿಯವರಿಗೆ ಮಾತ್ರೆ ಹೆಸರು ಕಾಣುತ್ತದೆ.

ಈಗ ಕಡಿಮೆಯಾದ ಸ್ಟಾರ್. ಸ್ಪೆಷಲಿಸ್ಟ್ ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಏನು ತೊಂದರೆ ಅಂತ ಕೇಳುವ ಮೊದಲೇ "ಪಬ್ಲಿಕ್ಕಾ, ಪ್ರೈವೇಟಾ?" ಅಂತ ಕೇಳುತ್ತಾರೆ. ಪಬ್ಲಿಕ್ ಅಂದ ಕೂಡಲೇ ತಾರೀಕು ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತದೆ. ಕೈ ತುಂಬ ಕೆರೆತ ಇಟ್ಟುಕೊಂಡು ಚರ್ಮದ ಡಾಕ್ಟರಿಗೆ ಕಾದಾಗ ಆದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇದಕ್ಕೊಂದು ದಾರಿ ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ನಿಮ್ಮ ಹೌಸ್‌ಆರ್ಟ್ಸ್, ಅಂದರೆ ಮಾಮೂಲಿ ಡಾಕ್ಟರ ಹತ್ತಿರ, ಅರ್ಜೆಂಟ್ ಕೋಡ್ ಇರುವ ಊಬರ್‌ವೈಸುಂಗ್, ಅಂದರೆ ಸ್ಪೆಷಲಿಸ್ಟ್ ಹತ್ತಿರ ಕಳಿಸುವ ರೆಫರಲ್ ಚೀಟಿ ಕೇಳಿ. ಅದನ್ನಿಟ್ಟುಕೊಂಡು 116117ಕ್ಕೆ ಫೋನ್ ಮಾಡಿದರೆ ನಾಲ್ಕು ವಾರದೊಳಗಿನ ತಾರೀಕು ಕೊಡಿಸುತ್ತಾರೆ. ಡಾಕ್ಟರ್ ಯಾರು, ಎಷ್ಟು ದೂರ ಅನ್ನುವುದು ನಿಮ್ಮ ಕೈಯಲ್ಲಿಲ್ಲ.

ಕನ್ನಡಕದ ಆಸೆ ಬಿಡಿ, ದೊಡ್ಡವರಿಗೆ ಭಾರೀ ಪವರ್ ಇದ್ದರೆ ಮಾತ್ರ ಏನಾದರೂ ಸಿಗುತ್ತದೆ. ಹಲ್ಲಿಗೆ ಕ್ಯಾಪ್ ಹಾಕಿಸಿದರೆ ಕಾಸೆ ಕೊಡುವುದು ಸಾಧಾರಣ ಚಿಕಿತ್ಸೆಯ ಖರ್ಚಿನ ಶೇ 60. ಐದು ವರ್ಷ ಬಿಡದೆ ವರ್ಷಕ್ಕೊಮ್ಮೆ ಹಲ್ಲು ತೋರಿಸಿ ಬೋನಸ್ ಪುಸ್ತಕದಲ್ಲಿ ಸೀಲ್ ಹಾಕಿಸಿಕೊಂಡಿದ್ದರೆ ಅದು 70 ಆಗುತ್ತದೆ, ಹತ್ತು ವರ್ಷಕ್ಕೆ 75. ಬಂದ ವರ್ಷದಿಂದಲೇ ಸೀಲ್ ಹಾಕಿಸಿ. ನೋವಿಲ್ಲ, ಸುಮ್ನೆ ಯಾಕೆ ಹೋಗಬೇಕು ಅನ್ನಬೇಡಿ.

ಹೆಚ್ಚುವರಿ ದರ ಏರಿತು ಅಂತ ಕಾಸೆಯಿಂದ ಸುದ್ದಿ ಬಂದರೆ ಗಾಬರಿ ಬೇಡ. ಸಾಮಾನ್ಯವಾಗಿ 12 ತಿಂಗಳು ಇದ್ದ ಮೇಲೆ ಕಾಸೆ ಬದಲಾಯಿಸಬಹುದು, ದರ ಏರಿಸಿದರೆ ಅದಕ್ಕೂ ಮುಂಚೆಯೇ. ಹೊಸ ಕಾಸೆಗೆ ಅರ್ಜಿ ಹಾಕಿದರೆ ಹಳೆಯದರ ಜೊತೆಗಿನ ವ್ಯವಹಾರ ಅವರೇ ನೋಡಿಕೊಳ್ಳುತ್ತಾರೆ.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರಿಗೆ ಒಂದು ಮಾತು. ಅವರು ಈ ಕುಟುಂಬ ವಿಮೆಯಲ್ಲಿ ಬರುವುದಿಲ್ಲ. ವೀಸಾಗೆ ಕನಿಷ್ಠ 30,000 ಯೂರೋ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್ ಬೇರೆಯೇ ಮಾಡಿಸಬೇಕು. ಮೊದಲೇ ಇದ್ದ ಕಾಯಿಲೆಗೆ ಅದು ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಹಾಗಾಗಿ ಬಿಪಿ, ಶುಗರ್ ಮಾತ್ರೆಗಳನ್ನು ಇರುವಷ್ಟು ದಿನಕ್ಕೂ ಲೆಕ್ಕ ಹಾಕಿ, ಡಾಕ್ಟರ್ ಚೀಟಿ ಸಮೇತ ಬರುವಾಗಲೇ ತರಲು ಹೇಳಿ.