ಗೋಲ್ ಗುಂಬಜ್: ಬಾಗಿಲು ತೆರೆಯುವ ಹೊತ್ತಿಗೇ ಹೋಗಿ

ವಿಜಯಪುರದ ಗೋಲ್ ಗುಂಬಜ್ ನನಗೆ ಸರಿಯಾಗಿ ಕೇಳಿಸಿದ್ದು ಮೂರನೇ ಸಲ. ಮೊದಲೆರಡು ಸಲ ಮಧ್ಯಾಹ್ನ ಹೋಗಿದ್ದೆ. ಶಾಲಾ ಪ್ರವಾಸದ ಮಕ್ಕಳ ಕೂಗಾಟ, ಸೀಟಿ. ಏಳು ಸಲ ಮರಳಬೇಕಾದ ದನಿ ಒಂದೂ ಬಿಡಿಸಿ ಕೇಳಲಿಲ್ಲ. ಈ ಸಲ ಅವ್ವನನ್ನು ಕರೆದುಕೊಂಡು ಬೆಳಿಗ್ಗೆ ಆರಕ್ಕೇ ಬಾಗಿಲ ಮುಂದಿದ್ದೆ.

ಅವ್ವನಿಗೆ ಮೊಣಕಾಲು ನೋವು. ಮೇಲಕ್ಕೆ ಹೋಗಲು ಮೂಲೆಯ ಮಿನಾರಿನೊಳಗಿನ ಇಕ್ಕಟ್ಟಾದ, ಎತ್ತರದ ಮೆಟ್ಟಿಲುಗಳೇ ಗತಿ. ಆದರೆ ಮಿನಾರಿಗೆ ಏಳು ಅಂತಸ್ತು, ಪ್ರತಿ ಅಂತಸ್ತಿನಲ್ಲೂ ಗಾಳಿ ಬೆಳಕು ಬರುವ ಕಮಾನು. ಒಂದೊಂದರಲ್ಲೂ ಕೂತು, ಊರು ನೋಡಿ, ನೀರು ಕುಡಿದು ಹತ್ತಿದಳು. ಹಿರಿಯರಿದ್ದರೆ ಹೀಗೇ ಹತ್ತಿಸಿ, ಅವಸರ ಬೇಡ.

ಮೇಲೆ ಪಿಸುಮಾತಿನ ಗ್ಯಾಲರಿ. ನಾನು ಆಚೆ ಬದಿಗೆ ಹೋಗಿ ಗೋಡೆಗೆ ಕಿವಿಯಿಟ್ಟೆ. ಸುಮಾರು 38 ಮೀಟರ್ ಆಚೆಯಿಂದ ಅವ್ವನ ದನಿ ಪಕ್ಕದಲ್ಲೇ ಕೂತಂತೆ ಬಂತು: "ನೀ ನೀರು ಕುಡದೀಯೇನು?" ಕೂಗಬೇಡಿ, ಪಿಸುಗುಟ್ಟಿ. ಬಾಗಿದ ಗೋಡೆಯ ಗುಂಟ ಜಾರಿ ಬರುವ ಆ ದನಿಗಾಗಿಯೇ ನಸುಕಿನಲ್ಲಿ ಏಳಬೇಕು.

ಇಷ್ಟು ದೊಡ್ಡ ಗುಮ್ಮಟದ ನಡುವೆ ಒಂದೂ ಕಂಬವಿಲ್ಲ. ಕೆಳಗೆ ನಿಂತು ಕತ್ತೆತ್ತಿದರೆ ಗುಟ್ಟು ಕಾಣುತ್ತದೆ: ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಚೌಕವನ್ನು ವೃತ್ತಕ್ಕೆ ತಿರುಗಿಸುತ್ತವೆ. ಗುಮ್ಮಟ ಹೊರಕ್ಕೆ ತಳ್ಳುವ ಒತ್ತಡವನ್ನು ಒಳಕ್ಕೆ ಚಾಚಿದ ಅವುಗಳ ಭಾರ ತಡೆಯುತ್ತದೆ. ಇದನ್ನು ತನ್ನ ಗೋರಿಯಾಗಿ ಕಟ್ಟಿಸಿದ ಬಿಜಾಪುರದ ಸುಲ್ತಾನ ಮುಹಮ್ಮದ್ ಆದಿಲ್ ಶಾ 1656ರಲ್ಲಿ ತೀರಿಕೊಂಡ. ನಡುವಿನ ಕಟ್ಟೆಯ ಮೇಲೆ ಕಾಣುವವು ಗುರುತಿನ ಗೋರಿಗಳು, ನಿಜವಾದವು ನೆಲಮಾಳಿಗೆಯಲ್ಲಿವೆ. ಮನೆಯವರ ಜೊತೆ ನರ್ತಕಿ ರಂಭಾಳನ್ನೂ ಅಲ್ಲೇ ಮಲಗಿಸಿದ್ದಾರೆ.

ಗೋಡೆಗಳ ಮೇಲೆ ಹೆಸರು ಗೀಚಿದ್ದು ನೋಡಿ ಹೊಟ್ಟೆ ಉರಿಯಿತು. ಮಕ್ಕಳನ್ನು ಕರೆದೊಯ್ಯುವವರು ದಯವಿಟ್ಟು ಮೊದಲೇ ಹೇಳಿ.

ಮುಂದಿನ ನಗಾರಖಾನೆಯಲ್ಲಿ (ನಗಾರಿ ಬಾರಿಸುತ್ತಿದ್ದ ಕಟ್ಟಡ) ವಸ್ತುಸಂಗ್ರಹಾಲಯವಿದೆ, ಶುಕ್ರವಾರ ರಜೆ. ಆಮೇಲೆ ಟಾಂಗಾ ಹಿಡಿದು ಬಾರಾ ಕಮಾನಿಗೆ ಹೋಗಿ. ಮುಹಮ್ಮದನ ಮಗ ಎರಡನೇ ಅಲಿ ಆದಿಲ್ ಶಾ ತನಗಾಗಿ ಶುರುಮಾಡಿದ ಗೋರಿ, ಕಮಾನುಗಳಿಗೇ ನಿಂತುಹೋಯಿತು.

ನಾವು ಇಳಿದು ಬರುವಾಗ ಪ್ರವಾಸದ ಬಸ್ಸುಗಳು ಸಾಲುಗಟ್ಟಿದ್ದವು. ಅವ್ವನಿಗೆ ಬರುವ ದೀಪಾವಳಿಗೆ ಚಿಕ್ಕವ್ವನನ್ನೂ ಕರೆತರಬೇಕಂತೆ.